ಅನ್ಯೋನ್ಯಾಶ್ರಯ: ಒಂದು ಆಕ್ಷೇಪದ ಚರಿತ್ರೆ

ಒಂದು ಮಾತನ್ನು ಸಾಧಿಸಲು ಕೊಟ್ಟ ಕಾರಣವು ಅದೇ ಮಾತನ್ನು ನೆಚ್ಚಿಕೊಂಡಿದ್ದರೆ ವಾದವು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಸಾಕ್ಷಿದಾರನು ಸತ್ಯವಂತನೆಂದು ಅವನ ಗೆಳೆಯನು ಹೇಳುತ್ತಾನೆ, ಗೆಳೆಯನು ಸತ್ಯವಂತನೆಂದು ಆ ಸಾಕ್ಷಿದಾರನೇ ಹೇಳುತ್ತಾನೆ ಎಂಬ ಬಗೆಯ ಸಮರ್ಥನೆಗಳು ಊರ ಜಗಲಿಯಿಂದ ನ್ಯಾಯಾಲಯದವರೆಗೆ ಎಲ್ಲೆಡೆ ಕೇಳಿಬರುತ್ತವೆ. ಭಾರತದ ವಾದಪರಂಪರೆ ಇದರ ಬಗೆಗಳನ್ನು ಬಿಡಿಸಿ ಹೆಸರಿಟ್ಟಿತು: ತನ್ನನ್ನು ತಾನೇ ಆಧಾರ ಮಾಡಿಕೊಳ್ಳುವುದು ಆತ್ಮಾಶ್ರಯ, ಎರಡು ಸಂಗತಿಗಳು ಒಂದಕ್ಕೊಂದು ಆಧಾರವಾಗುವುದು ಅನ್ಯೋನ್ಯಾಶ್ರಯ ಅಥವಾ ಇತರೇತರಾಶ್ರಯ, ಮೂರು ಅಥವಾ ಹೆಚ್ಚು ಸಂಗತಿಗಳ ಮೂಲಕ ಸುತ್ತಿಬರುವುದು ಚಕ್ರಕ. ಈ ದೋಷಗಳ ಚರಿತ್ರೆಯಲ್ಲಿ ಆಕ್ಷೇಪಕ್ಕಿಂತ ಆಕ್ಷೇಪಕ್ಕೆ ಗುರಿಯಾದವರು ಕೊಟ್ಟ ಉತ್ತರಗಳೇ ಹೆಚ್ಚು ಸ್ವಾರಸ್ಯಕರವಾಗಿವೆ.

ಈ ಆಕ್ಷೇಪದ ಹಳೆಯ ಮತ್ತು ಸ್ಪಷ್ಟವಾದ ಚರ್ಚೆಯೊಂದು ದೊರೆಯುವುದು ತರ್ಕಗ್ರಂಥದಲ್ಲಲ್ಲ, ವ್ಯಾಕರಣದಲ್ಲಿ. ಪಾಣಿನಿಯ ಮೊದಲ ಸೂತ್ರವು ಆ, ಐ, ಔ ಎಂಬ ಸ್ವರಗಳಿಗೆ ವೃದ್ಧಿ ಎಂಬ ಸಂಜ್ಞೆಯನ್ನು ಕೊಡುತ್ತದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿಯು ಮಹಾಭಾಷ್ಯದಲ್ಲಿ ಇಲ್ಲಿಯೇ ಪ್ರಶ್ನೆಯೆತ್ತುತ್ತಾನೆ: ಸ್ವರಗಳು ಇದ್ದರೆ ಮಾತ್ರ ಅವುಗಳಿಗೆ ಸಂಜ್ಞೆ ಬರಬೇಕು, ಆದರೆ ಆ ಸಂಜ್ಞೆಯನ್ನು ಬಳಸುವ ಮುಂದಿನ ಸೂತ್ರಗಳಿಂದಲೇ ಆ ಸ್ವರಗಳು ಉಂಟಾಗುವುದಾದರೆ ಯಾವುದು ಮೊದಲು? ಒಂದು ದೋಣಿಗೆ ಕಟ್ಟಿದ ಇನ್ನೊಂದು ದೋಣಿಯು ಎರಡರಲ್ಲಿ ಯಾವುದನ್ನೂ ಕಾಪಾಡದು ಎಂಬುದು ಅವನು ಕೊಡುವ ದೃಷ್ಟಾಂತ. ಆದರೆ ಚರ್ಚೆಯನ್ನು ಅಲ್ಲಿಗೆ ಮುಗಿಸದೆ, ಪರಸ್ಪರ ಆಶ್ರಯಿಸಿದ ಕೆಲಸಗಳು ಲೋಕದಲ್ಲಿ ಕಾಣುತ್ತವಲ್ಲ ಎಂಬ ಮರುವಾದವನ್ನೂ ಅವನೇ ಮುಂದಿಡುತ್ತಾನೆ. ದೋಣಿಯು ಗಾಡಿಯನ್ನು ಹೊರುತ್ತದೆ, ಗಾಡಿಯು ದೋಣಿಯನ್ನು ಹೊರುತ್ತದೆ, ಮೂರು ಕೋಲುಗಳು ಒಂದಕ್ಕೊಂದು ಆತು ನಿಲ್ಲುತ್ತವೆ. ಇದಕ್ಕೆ ಸಿಗುವ ಉತ್ತರವೆಂದರೆ, ಮೊದಲ ಎರಡರಲ್ಲಿ ನೀರು ಅಥವಾ ನೆಲವೂ ಕೊನೆಯದರಲ್ಲಿ ಕಟ್ಟಿದ ದಾರವೂ ಬೇರೆಯೇ ಆದ ಆಧಾರವಾಗಿವೆ. ವ್ಯಾಕರಣದ ಮಟ್ಟಿಗೆ ಅಂಥ ಆಧಾರ ಶಬ್ದದ ನಿತ್ಯತೆ. ಸೂತ್ರಗಳು ಶಬ್ದಗಳನ್ನು ಹುಟ್ಟಿಸುವುದಿಲ್ಲ, ಮೊದಲೇ ಇರುವ ಶಬ್ದಗಳನ್ನು ತಿಳಿಸುತ್ತವೆ ಎಂದು ಒಪ್ಪಿದೊಡನೆ ಸುತ್ತು ಬಿಚ್ಚಿಕೊಳ್ಳುತ್ತದೆ.

ಗೌತಮನ ನ್ಯಾಯಸೂತ್ರವು ಹೇಳುವ ಐದು ಹೇತ್ವಾಭಾಸಗಳಲ್ಲಿ, ಅಂದರೆ ಕಾರಣದಂತೆ ತೋರಿಯೂ ಕಾರಣವಲ್ಲದವುಗಳಲ್ಲಿ, ಸಾಧ್ಯಸಮ ಎಂಬುದನ್ನು ಹಲವರು ಇದೇ ದೋಷವೆಂದು ಎಣಿಸಿದ್ದಾರೆ. ವಾತ್ಸ್ಯಾಯನನ ಭಾಷ್ಯದಲ್ಲಿ ಅದರ ಉದಾಹರಣೆ, ನೆರಳು ಚಲಿಸುವುದರಿಂದ ಅದೊಂದು ದ್ರವ್ಯ ಎಂಬ ವಾದ. ನೆರಳು ನಿಜವಾಗಿ ನಡೆಯುತ್ತದೆಯೇ, ಅಥವಾ ಬೆಳಕಿಗೆ ಅಡ್ಡವಾದ ವಸ್ತು ಸರಿದಂತೆ ಬೆಳಕಿಲ್ಲದ ಜಾಗವೂ ಬದಲಾಗುತ್ತದೆಯೇ ಎಂಬುದೇ ಇನ್ನೂ ಸಿದ್ಧವಾಗಬೇಕಾದ ಸಂಗತಿ. ಇಲ್ಲಿ ಕಾರಣಕ್ಕೆ ಸಾಧನೆ ಬೇಕಾಗಿದೆಯೇ ಹೊರತು ಅದು ಸಾಧ್ಯವನ್ನೇ, ಅಂದರೆ ಸಾಧಿಸಬೇಕಾದ ಮಾತನ್ನೇ, ಆಶ್ರಯಿಸಿಲ್ಲ. ಆದ್ದರಿಂದ ಇದನ್ನು ಪಶ್ಚಿಮದ ಚಕ್ರೀಯ ವಾದದೊಂದಿಗೆ ಸಮೀಕರಿಸಬಾರದೆಂದು ಆಧುನಿಕ ವಿದ್ವಾಂಸ ಬಿಮಲ್ ಕೃಷ್ಣ ಮತಿಲಾಲ್ ತೋರಿಸಿದ್ದು ಸರಿಯಾಗಿಯೇ ಇದೆ.

ಸುತ್ತಿನ ನಿಜವಾದ ಇಕ್ಕಟ್ಟು ನೈಯಾಯಿಕರಿಗೆ ಎದುರಾದದ್ದು ಪ್ರಮಾಣಗಳ, ಅಂದರೆ ತಿಳಿಯುವ ಸಾಧನಗಳ, ವಿಷಯದಲ್ಲಿ. ಪ್ರಮಾಣದಿಂದ ಪ್ರಮೇಯವೂ, ಅಂದರೆ ತಿಳಿಯಬೇಕಾದ ವಿಷಯವೂ, ಪ್ರಮೇಯದಿಂದ ಪ್ರಮಾಣವೂ ಸಿದ್ಧಿಸುವುದಾದರೆ, ಮಗನು ತಂದೆಯಿಂದಲೂ ತಂದೆಯು ಅದೇ ಮಗನಿಂದಲೂ ಹುಟ್ಟಿದಂತಾಗುವುದೆಂದು ನಾಗಾರ್ಜುನನು ವಿಗ್ರಹವ್ಯಾವರ್ತನಿಯಲ್ಲಿ ಆಕ್ಷೇಪಿಸಿದನು. ನ್ಯಾಯಸೂತ್ರದ ಎರಡನೆಯ ಅಧ್ಯಾಯವು ಇಂಥ ಆಕ್ಷೇಪಕ್ಕೆ ತಕ್ಕಡಿಯನ್ನು ತೋರಿಸುತ್ತದೆ: ಚಿನ್ನವನ್ನು ತೂಗುವಾಗ ಪ್ರಮಾಣವಾಗಿರುವ ತಕ್ಕಡಿಯೇ, ತೂಕ ತಿಳಿದ ಚಿನ್ನದಿಂದ ಅದನ್ನು ಪರೀಕ್ಷಿಸುವಾಗ ಪ್ರಮೇಯವಾಗುತ್ತದೆ. ಒಂದೇ ಗಳಿಗೆಯಲ್ಲಿ ಒಂದೇ ತಕ್ಕಡಿ ಮತ್ತು ಒಂದೇ ಚಿನ್ನ ಪರಸ್ಪರ ಸಾಕ್ಷಿ ನುಡಿಯುವುದಿಲ್ಲವಾದ್ದರಿಂದ ಈ ಉತ್ತರಕ್ಕೆ ಬಲವಿದೆ, ಸಂಶಯವಾದಿಯು ಇಷ್ಟಕ್ಕೇ ತೃಪ್ತನಾಗುವನೆಂದು ಹೇಳಲಾಗದಿದ್ದರೂ.

ನಂತರದ ನ್ಯಾಯಗ್ರಂಥಗಳಲ್ಲಿ ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕಗಳ ಜೊತೆಗೆ ಕೊನೆಯಿಲ್ಲದೆ ಹಿಂದೆ ಹಿಂದೆ ಸರಿಯುವ ಅನವಸ್ಥೆಯೂ ಸೇರಿ ತರ್ಕದ ಪ್ರಭೇದಗಳ ಪಟ್ಟಿ ರೂಪುಗೊಂಡಿತು. ಜೊತೆಗೆ, ಆಶ್ರಯವು ಉತ್ಪತ್ತಿಯಲ್ಲಿಯೋ ಸ್ಥಿತಿಯಲ್ಲಿಯೋ ಜ್ಞಪ್ತಿಯಲ್ಲಿಯೋ, ಅಂದರೆ ಹುಟ್ಟಲು, ನಿಲ್ಲಲು ಅಥವಾ ತಿಳಿಯಲು ಒಂದಕ್ಕೊಂದು ಬೇಕೋ, ಎಂದು ಕೇಳುವ ಪದ್ಧತಿಯೂ ಬೆಳೆಯಿತು. ಬೀಜದಿಂದ ಮೊಳಕೆ, ಮೊಳಕೆಯಿಂದ ಬೆಳೆದ ಗಿಡದಿಂದ ಬೀಜ ಎಂಬ ಪರಂಪರೆಯಲ್ಲಿ ಪ್ರತಿಯೊಂದು ಬೀಜವೂ ಬೇರೆಯಾಗಿರುವುದರಿಂದ ಅಲ್ಲಿ ಸುತ್ತಿಲ್ಲ. ಆದಿಯಿಲ್ಲದ ಸಾಲಿದೆ, ಅದು ಅನುಭವಸಿದ್ಧವಾದ್ದರಿಂದ ದೋಷವೂ ಅಲ್ಲ. ದಿನನಿತ್ಯದ ಜಗಳಗಳಲ್ಲಿ ಸುತ್ತುವಾದವೆಂದು ದೂರಲಾಗುವ ಎಷ್ಟೋ ಮಾತುಗಳು ಈ ಒಂದು ವಿಂಗಡಣೆಯಿಂದಲೇ ದೋಷಮುಕ್ತವಾಗುತ್ತವೆ.

ಕರ್ನಾಟಕದ ಜೈನ ತಾರ್ಕಿಕರಿಗೆ ಈ ವಿಂಗಡಣೆ ಕೇವಲ ಶಾಸ್ತ್ರವಿನೋದವಾಗಿರಲಿಲ್ಲ. ಎಲ್ಲವನ್ನೂ ಬಲ್ಲ ಸರ್ವಜ್ಞನೊಬ್ಬನಿದ್ದಾನೆಂಬುದು ಆಗಮದಿಂದ, ಅಂದರೆ ಧರ್ಮಗ್ರಂಥದಿಂದ, ತಿಳಿಯಬೇಕು, ಆಗಮವು ಪ್ರಮಾಣವೆಂಬುದು ಅದನ್ನು ಹೇಳಿದವನು ಸರ್ವಜ್ಞನಾಗಿರುವುದರಿಂದ ತಿಳಿಯಬೇಕು ಎಂದು ಮೀಮಾಂಸಕ ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಅವರ ಸಿದ್ಧಾಂತದ ಬುಡಕ್ಕೇ ಕೈಯಿಟ್ಟಿದ್ದನು. ಎಂಟನೆಯ ಶತಮಾನದ ಅಕಲಂಕನು ನ್ಯಾಯವಿನಿಶ್ಚಯದಲ್ಲಿ ಎದುರಾಳಿಯ ಮಾತನ್ನು ಮರೆಮಾಚದೆ ತಾನೇ ನುಡಿದು, ಅದು ನಿಜವೆಂದು ಒಪ್ಪಿಕೊಂಡೇ ಉತ್ತರಿಸುತ್ತಾನೆ. ಉತ್ತರಕ್ಕೆ ಎರಡು ಮುಖಗಳಿವೆ. ಆಗಮವು ಹಿಂದಿನ ಸರ್ವಜ್ಞನಿಂದ, ಅವನು ಅದಕ್ಕೂ ಹಿಂದಿನ ಆಗಮದ ಬಲದಿಂದ ಎಂಬ ಅನಾದಿಯಾದ ಪರಂಪರೆಯು ಉತ್ಪತ್ತಿಯ ಸುತ್ತನ್ನು ನಿವಾರಿಸುತ್ತದೆ. ಆದರೆ ಕುಮಾರಿಲನು ಕೇಳಿದ್ದು ಮುಖ್ಯವಾಗಿ ಜ್ಞಪ್ತಿಯ ಪ್ರಶ್ನೆಯಾದ್ದರಿಂದ ಇಷ್ಟೇ ಸಾಲದು. ಅಂಥ ಪುರುಷನ ಅತಿಶಯವು ವಸ್ತುಬಲದಿಂದಲೇ ಸಮ್ಮತವೆಂಬ ಮಾತು ಆ ಕೊರತೆಯನ್ನು ತುಂಬುತ್ತದೆ. ಆ ವಸ್ತುಬಲದ ಸ್ವರೂಪವು ಸಮಂತಭದ್ರನ ಆಪ್ತಮೀಮಾಂಸೆಯಲ್ಲಿದೆ: ಸೂಕ್ಷ್ಮವಾದ, ಮರೆಯಾದ, ದೂರದ ವಸ್ತುಗಳು ಬೆಂಕಿಯಂತೆ ಅನುಮಾನಕ್ಕೆ ವಿಷಯವಾಗುವುದರಿಂದ ಯಾರಿಗಾದರೂ ಅವು ಪ್ರತ್ಯಕ್ಷವಾಗಲೇಬೇಕು. ಅನುಮಾನವು ಗಟ್ಟಿಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದರಲ್ಲಿ ಸಂದೇಹಕ್ಕೆ ಸಾಕಷ್ಟು ಎಡೆಯಿದೆ. ಆದರೆ ಅದು ಆಗಮದ ಮೊರೆ ಹೋಗುವುದಿಲ್ಲ.

ಈ ವಿದ್ಯೆಗೆ ಆಗ ದೊರೆತ ಸಾರ್ವಜನಿಕ ಗೌರವವನ್ನು ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಕಾಣಬಹುದು. ಸಮಂತಭದ್ರನು ಪಾಟಲಿಪುತ್ರ, ಕಾಂಚಿ ಮೊದಲಾದೆಡೆ ವಾದಭೇರಿಯನ್ನು ಹೊಡೆದನೆಂದೂ ಅಕಲಂಕನು ರಾಜ ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಗೆದ್ದನೆಂದೂ ಅದು ಸ್ತುತಿಸುತ್ತದೆ. ಪ್ರಶಸ್ತಿಗಳ ಮಾತನ್ನು ಅಕ್ಷರಶಃ ನಂಬಬೇಕಿಲ್ಲವಾದರೂ, ಯುದ್ಧದ ಗೆಲುವಿನಂತೆ ವಾದದ ಗೆಲುವನ್ನೂ ಕಲ್ಲಿನಲ್ಲಿ ಕೊರೆಸುವ ಸಮಾಜವೊಂದು ಇಲ್ಲಿತ್ತೆಂಬುದರಲ್ಲಿ ಸಂಶಯವಿಲ್ಲ. ಚಾಳುಕ್ಯ ಜಯಸಿಂಹನ ಕಾಲದ ವಾದಿರಾಜಸೂರಿಯು ನ್ಯಾಯವಿನಿಶ್ಚಯಕ್ಕೆ ಬರೆದ ವಿಸ್ತಾರವಾದ ವಿವರಣವೂ ಆ ವಾತಾವರಣದ್ದೇ.

ಹದಿಮೂರನೆಯ ಶತಮಾನದ ಉಡುಪಿಯಲ್ಲಿ ಇದೇ ಆಕ್ಷೇಪವು ಇನ್ನೊಂದು ರೂಪದಲ್ಲಿ ಎದುರಾಯಿತು. ಮಡಕೆಯು ಬಟ್ಟೆಗಿಂತ ಬೇರೆ ಎಂದು ತಿಳಿಯಲು ಮೊದಲು ಬಟ್ಟೆಯನ್ನು ಮಡಕೆಗಿಂತ ಬೇರೆ ಎಂದು ತಿಳಿದಿರಬೇಕು, ಆದ್ದರಿಂದ ಭೇದಜ್ಞಾನವೇ ಅನ್ಯೋನ್ಯಾಶ್ರಯದಿಂದ ಕೂಡಿದೆ ಎಂದು ಅದ್ವೈತಿಗಳು ವಾದಿಸುತ್ತಿದ್ದರು. ಭೇದವು ವಸ್ತುವಿಗೆ ಹೊರಗಿನಿಂದ ಅಂಟುವ ಧರ್ಮವಲ್ಲ, ವಸ್ತುವಿನ ಸ್ವರೂಪವೇ ಆಗಿದೆ, ವಸ್ತುವನ್ನು ಕಂಡಾಗಲೇ ಅದು ಉಳಿದೆಲ್ಲಕ್ಕಿಂತ ಬೇರೆಯೆಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ ಎಂದು ಮಧ್ವಾಚಾರ್ಯರು ವಿಷ್ಣುತತ್ತ್ವನಿರ್ಣಯದಲ್ಲಿ ಉತ್ತರಿಸಿದರು. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ಭೇದೋಜ್ಜೀವನ ಮತ್ತು ನ್ಯಾಯಾಮೃತಗಳಲ್ಲಿ ನವ್ಯನ್ಯಾಯದ ಪರಿಭಾಷೆಯೊಂದಿಗೆ ಈ ಉತ್ತರವನ್ನು ಮುಂದುವರಿಸಿದರು. ಮಧುಸೂದನ ಸರಸ್ವತಿಯು ಅದ್ವೈತಸಿದ್ಧಿಯಲ್ಲಿ ನ್ಯಾಯಾಮೃತವನ್ನು ಹೆಜ್ಜೆಹೆಜ್ಜೆಗೂ ಖಂಡಿಸಿದನು, ಅದಕ್ಕೆ ಪ್ರತಿಯಾಗಿ ವ್ಯಾಸ ರಾಮಾಚಾರ್ಯನು ತರಂಗಿಣಿಯನ್ನು ಬರೆದನು, ವಾದವು ಅಲ್ಲಿಗೂ ನಿಲ್ಲಲಿಲ್ಲ.