ನಗರದಲ್ಲಿ ಸ್ವಂತ ಕಾರು ಬೇಕೇ ಬೇಕೆ?

ಕಾರು ಕೊಳ್ಳುವಾಗ ನಾವು ಮೈಲೇಜ್ ಕೇಳುತ್ತೇವೆ, ಬಣ್ಣ ಆರಿಸುತ್ತೇವೆ. ಅದು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಲೆಕ್ಕ ಹಾಕುವವರು ಕಡಿಮೆ. ದಿನಕ್ಕೆ ಎರಡು ಗಂಟೆ ಓಡಿಸಿದರೂ ಉಳಿದ 22 ಗಂಟೆ ಕಾರು ನಿಂತೇ ಇರುತ್ತದೆ.

ನಿಂತ ಕಾರಿಗೂ ಖರ್ಚಿದೆ. 10 ಲಕ್ಷ ರೂಪಾಯಿಯ ಕಾರನ್ನು ಹತ್ತು ವರ್ಷ ಬಳಸಿ 2 ಲಕ್ಷಕ್ಕೆ ಮಾರಿದೆವು ಎಂದುಕೊಳ್ಳೋಣ. ಬೆಲೆ ಇಳಿದದ್ದರಿಂದಲೇ ದಿನಕ್ಕೆ ಸುಮಾರು 220 ರೂಪಾಯಿ ಹೋಯಿತು. ವಿಮೆ, ಸರ್ವೀಸ್, ಸಾಲದ ಬಡ್ಡಿ, ಪೆಟ್ರೋಲ್ ಇದರ ಮೇಲೆ.

ಕಾರು ಹಂಚಿಕೆ ಎಂದರೇನು?

ಒಂದೇ ಕಾರನ್ನು ಹಲವರು ಬೇರೆ ಬೇರೆ ಹೊತ್ತಿನಲ್ಲಿ ತಾವೇ ಓಡಿಸಿ, ಬಳಸಿದಷ್ಟಕ್ಕೆ ಹಣ ಕೊಡುವುದು. ಇದು ಆ್ಯಪ್ ಕಾಲದ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1987ರಲ್ಲಿ ಹುಟ್ಟಿದ ಎರಡು ಸಹಕಾರ ಸಂಘಗಳು 1997ರಲ್ಲಿ ಒಂದಾಗಿ 'ಮೊಬಿಲಿಟಿ' ಎಂಬ ಸಂಸ್ಥೆಯಾಯಿತು. ಅದರ ಸುಮಾರು 3,000 ವಾಹನಗಳು ರೈಲು ನಿಲ್ದಾಣಗಳ ಬಳಿ, ಬಡಾವಣೆಗಳಲ್ಲಿ ಸಿಗುತ್ತವೆ. ಉತ್ತರ ಅಮೆರಿಕದಲ್ಲಿ ಬರ್ಕ್ಲಿಯ ಸಂಶೋಧಕರು 2010ರ ಸುಮಾರಿಗೆ ನಡೆಸಿದ ಅಧ್ಯಯನದ ಪ್ರಕಾರ, ಇಂಥ ಒಂದು ಕಾರು 9ರಿಂದ 13 ಖಾಸಗಿ ಕಾರುಗಳ ಅಗತ್ಯ ತಪ್ಪಿಸಿತ್ತು. ಜನ ಮಾರಿದ ಕಾರುಗಳ ಜೊತೆಗೆ, ಕೊಳ್ಳದೆ ಬಿಟ್ಟ ಕಾರುಗಳೂ ಈ ಲೆಕ್ಕದಲ್ಲಿವೆ.

ಕ್ಯಾಬ್ ಹಿಡಿದರೂ ಟ್ರಾಫಿಕ್ ಕಡಿಮೆಯಾಗುತ್ತದಲ್ಲವೆ?

ಇದು ತಪ್ಪು ಕಲ್ಪನೆ. ಕ್ಯಾಬ್ ನಮ್ಮನ್ನು ಇಳಿಸಿದ ಮೇಲೂ ಮುಂದಿನ ಪ್ರಯಾಣಿಕರಿಗಾಗಿ ಖಾಲಿ ಓಡುತ್ತದೆ. ಬಸ್ಸಿನಲ್ಲಿ ಹೋಗಬೇಕಿದ್ದವರೂ ಅದನ್ನೇ ಹತ್ತುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2010ರಿಂದ 2016ರೊಳಗೆ ಕೆಲಸದ ದಿನಗಳ ಸಂಚಾರ ವಿಳಂಬ ಶೇ. 62ರಷ್ಟು ಏರಿತು. ಆ್ಯಪ್ ಕ್ಯಾಬ್‌ಗಳಿಲ್ಲದಿದ್ದರೆ ಏರಿಕೆ ಶೇ. 22ರಷ್ಟಿರುತ್ತಿತ್ತು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಒಂದೇ ದಾರಿಯ ನಾಲ್ವರು ಒಂದೇ ಕಾರಿನಲ್ಲಿ ಹೋದರೆ ಮಾತ್ರ ರಸ್ತೆಯಲ್ಲಿ ಮೂರು ಕಾರು ಕಡಿಮೆ.

ನಮ್ಮಲ್ಲಿ ಹೇಗೆ?

ಬೆಂಗಳೂರಿನಂಥ ಊರುಗಳಲ್ಲಿ ಸ್ವತಃ ಓಡಿಸುವ ಬಾಡಿಗೆ ಕಾರುಗಳಿವೆ. ಪರವಾನಗಿ ಇರುವ ಇಂಥ ಕಾರಿಗೆ ಕಪ್ಪು ನಂಬರ್ ಪ್ಲೇಟ್ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಕಾರು ಪಡೆಯುವಾಗ ವಿಮೆ ಚಾಲ್ತಿಯಲ್ಲಿದೆಯೆ ಎಂದು ನೋಡಿ, ಹಳೆಯ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಯಾರಿಗೆ ಹೊಂದುತ್ತದೆ?

ನಿತ್ಯದ ಓಡಾಟಕ್ಕೆ ಬಸ್ಸು, ಮೆಟ್ರೊ ಇದ್ದು, ಕಾರು ಬೇಕಾಗುವುದು ಅಪರೂಪಕ್ಕೆ ಎನ್ನುವವರಿಗೆ. ರಾತ್ರಿ ಪಾಳಿಯವರಿಗೆ, ನಡೆಯಲಾಗದ ಹಿರಿಯರಿರುವ ಮನೆಗೆ ಸ್ವಂತ ವಾಹನವೇ ಅನುಕೂಲವಾಗಬಹುದು. ಹಂಚಿಕೆಯ ವ್ಯವಸ್ಥೆಗಳು ಸೋಲುವುದೂ ಉಂಟು: ಪ್ಯಾರಿಸ್‌ನಲ್ಲಿ 2011ರಲ್ಲಿ ಶುರುವಾದ 'ಆಟೊಲಿಬ್' ವಿದ್ಯುತ್ ಕಾರು ಸೇವೆ ನಷ್ಟದಿಂದ 2018ರಲ್ಲಿ ಮುಚ್ಚಿತು.

ಹಾಗಾಗಿ ಶೋರೂಮಿಗೆ ಹೋಗುವ ಮುನ್ನ ಒಂದು ತಿಂಗಳು ಬರೆದಿಡೋಣ: ಕಾರಿಲ್ಲದೆ ಆಗುತ್ತಲೇ ಇರಲಿಲ್ಲ ಎನ್ನುವ ದಿನಗಳು ಎಷ್ಟು? ಅವು ನಾಲ್ಕೈದೇ ಆಗಿದ್ದರೆ, ಆ ದಿನಗಳಿಗೆ ಬಾಡಿಗೆ ಕಾರು ಸಾಕು.