ಹರಿಹರದಿಂದ ಗಾವಿಲಗಡಕ್ಕೆ ಬಂದ ಬುತ್ತಿ

ರಜೆ ಬಂತೆಂದರೆ ನಾಗಪುರದ ನಮ್ಮವರಲ್ಲಿ ಅನೇಕರು ಕಾರಿನಲ್ಲಿ ಚಿಖಲ್‌ದರಾಕ್ಕೋ ಮೇಳಘಾಟದ ಕಾಡಿಗೋ ಹೊರಡುತ್ತಾರೆ. ಅಮರಾವತಿ ದಾಟಿ, ಪರತವಾಡ ದಾಟಿ, ಘಾಟಿ ಹತ್ತಿದ ಮೇಲೆ ಪೆಟ್ರೋಲ್ ಬಂಕು ವಿರಳ. ಅನೇಕ ಕಡೆ ಫೋನೂ ಮೂಕವಾಗುತ್ತದೆ. ಆದ್ದರಿಂದ ಗಾಡಿಯಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂಬ ಚರ್ಚೆ ಹೊರಡುವ ಹಿಂದಿನ ರಾತ್ರಿ ಪ್ರತಿ ಮನೆಯಲ್ಲೂ ನಡೆಯುತ್ತದೆ. ಸ್ಟೆಪ್ನಿಗೆ ಗಾಳಿ ಇದೆಯೇ, ಹಗ್ಗ ಎಲ್ಲಿ, ಟಾರ್ಚಿನ ಸೆಲ್ಲು ಹೊಸದೇ, ನೀರಿನ ಕ್ಯಾನು ಎಷ್ಟು, ಅವಲಕ್ಕಿ ಎಷ್ಟು?

ಇದೇ ಪ್ರಶ್ನೆ, ಇದೇ ಬೆಟ್ಟಗಳನ್ನು ಕುರಿತು, ಇನ್ನೂರಿಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಕನ್ನಡನಾಡಿನಲ್ಲಿ ಎದ್ದಿತ್ತು. ಚಿಖಲ್‌ದರಾದ ಬಳಿಯ ಗಾವಿಲಗಡ ಕೋಟೆಯನ್ನು ನೋಡಿ ಬಂದವರು ನಮ್ಮಲ್ಲಿ ಬಹಳ. ಆದರೆ ಆ ಕೋಟೆ ಬಿದ್ದದ್ದರಲ್ಲಿ ಮೈಸೂರಿನ ಎತ್ತುಗಳ ಪಾಲೆಷ್ಟು ಎಂಬುದನ್ನು ಬಲ್ಲವರು ಕಡಮೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಸೇನಾಡಳಿತ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್‌ಟನ್ ಎಂದು ಹೆಸರಾಗಿ, 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ. 1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಧಾರವಾಡ, ರಾಯಚೂರು ಸೀಮೆಗಳನ್ನು ಸುತ್ತಿದಾಗ ಅವನಿಗೆ ಒಂದು ಪಾಠ ಸಿಕ್ಕಿತು. ನಮ್ಮ ದಖನ್ನಿನಲ್ಲಿ ಸೈನ್ಯವನ್ನು ಸೋಲಿಸುವುದು ಶತ್ರುವಿಗಿಂತ ಮೊದಲು ಹಸಿವು ಮತ್ತು ತುಂಬಿದ ಹೊಳೆ. ಆ ವರ್ಷಗಳ ಅವನ ಪತ್ರಗಳನ್ನು ತಿರುವಿಹಾಕಿದರೆ, ಅಕ್ಕಿ ಮತ್ತು ಎತ್ತಿನ ವಿಚಾರ ಮತ್ತೆ ಮತ್ತೆ ಬರುತ್ತದೆ.

ಹೋಳ್ಕರನಿಗೆ ಸೋತು ಪುಣೆ ಬಿಟ್ಟ ಪೇಶ್ವೆ ಎರಡನೆಯ ಬಾಜೀರಾಯ 1802ರ ಡಿಸೆಂಬರ್ 31ರಂದು ವಸಯಿಯಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಅವನನ್ನು ಮತ್ತೆ ಗಾದಿಯ ಮೇಲೆ ಕೂರಿಸಲೆಂದು 1803ರ ಮಾರ್ಚಿಯಲ್ಲಿ ವೆಲ್ಲೆಸ್ಲಿಯ ದಂಡು ಹರಿಹರದಿಂದ ಹೊರಟು ತುಂಗಭದ್ರೆ ದಾಟಿತು. ದಂಡು ಎಂದರೆ ಸುಮಾರು ಹತ್ತು ಸಾವಿರ ಜನ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಎಂದರೆ ಹತ್ತು ಸಾವಿರ ಜನಕ್ಕೆ 5,000 ಕಿಲೋ. ಒಂದು ಎತ್ತು ಬೆನ್ನ ಮೇಲೆ ಹೊರುವುದು ಸುಮಾರು 70 ಕಿಲೋ. ಅಂದರೆ ಒಂದು ದಿನದ ಊಟಕ್ಕೆ 70ಕ್ಕೂ ಹೆಚ್ಚು ಎತ್ತು, ಒಂದು ತಿಂಗಳಿಗೆ 2,100ಕ್ಕೂ ಹೆಚ್ಚು. ಸಿಪಾಯಿಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಹಿಂದೆ ಬರುತ್ತಿದ್ದ ಅಡುಗೆಯವರು, ಹುಲ್ಲು ತರುವವರು, ವ್ಯಾಪಾರಿಗಳು, ಹೆಂಗಸರು ಮಕ್ಕಳು ಈ ಲೆಕ್ಕದ ಹೊರಗೆ. ಫಿರಂಗಿ ಎಳೆಯುವ ಎತ್ತುಗಳು ಬೇರೆ. ಆ ಎತ್ತುಗಳ ಹುರುಳಿ, ಕಡಲೆ ಹೊರುವ ಎತ್ತುಗಳು ಮತ್ತೂ ಬೇರೆ. ಬುತ್ತಿ ಹೊರುವವನಿಗೂ ಬುತ್ತಿ ಬೇಕು ಎಂಬುದೇ ದೂರದ ಪ್ರಯಾಣದ ಮುಖ್ಯ ತೊಡಕು.

ಈ ತೊಡಕಿಗೆ ಪರಿಹಾರ ಕನ್ನಡನಾಡಿನಲ್ಲಿ ಮೊದಲೇ ಸಿದ್ಧವಾಗಿತ್ತು. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಕಟ್ಟಿದ ಗೋವುಗಳ ಇಲಾಖೆಯನ್ನು ಹೈದರಲಿ ಬೆಳೆಸಿದ. ಟೀಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಕಾವಲುಗಳಲ್ಲಿ ಮೇಯ್ದು ಬೆಳೆದ ಈ ತಳಿಯ ಎತ್ತುಗಳು ನಡಿಗೆಯಲ್ಲಿ ಚುರುಕು, ಅಲ್ಪ ಮೇವಿನಲ್ಲಿ ಗಟ್ಟಿ. ವೆಲ್ಲೆಸ್ಲಿಯ ದಂಡಿನ ವೇಗಕ್ಕೆ ಈ ಎತ್ತುಗಳೇ ಕಾರಣವೆಂದು ಮೈಸೂರಿನ ಗೆಜೆಟಿಯರುಗಳಲ್ಲಿ ಬರೆದಿದೆ. ದಿವಾನ್ ಪೂರ್ಣಯ್ಯನವರು ಮೈಸೂರಿನ ಕುದುರೆ ಸವಾರರನ್ನೂ ಜೊತೆಗೆ ಕಳುಹಿಸಿದರು. ಇವರೊಡನೆ ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸಿ ದಂಡಿಗೆ ಮಾರುತ್ತಿದ್ದವರು ಲಂಬಾಣಿಗಳು. ನಾಗಪುರದಿಂದ ವಾಶೀಮ್ ಕಡೆಗೆ ಹೋದವರು ಪೋಹರಾದೇವಿಯನ್ನು ನೋಡಿರಬಹುದು. ಅಲ್ಲಿ ಸಮಾಧಿಸ್ಥರಾದ ಸಂತ ಸೇವಾಲಾಲರು ಹುಟ್ಟಿದ್ದು ಈಗಿನ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದಲ್ಲಿ ಎಂಬುದು ನಮ್ಮ ಕಡೆಯ ಲಂಬಾಣಿಗಳ ನಂಬಿಕೆ. ಹರಿಹರದ ಸೀಮೆಗೂ ವಿದರ್ಭಕ್ಕೂ ಇರುವ ದಾರಿ ಎಷ್ಟು ಹಳೆಯದೆಂಬುದಕ್ಕೆ ಇದೊಂದು ಗುರುತು.

ಕಟ್ಟುವ ಬಗೆಯಲ್ಲೂ ಜಾಣತನವಿತ್ತು. ದ್ರವ ಪದಾರ್ಥ, ಉಪ್ಪು ಹಾಕಿದ ಮಾಂಸ ಇವನ್ನು ಕಬ್ಬಿಣದ ಪಟ್ಟಿ ಬಿಗಿದ ಸಣ್ಣ ಪೀಪಾಯಿಗಳಲ್ಲಿ ತುಂಬಿಸಲು ವೆಲ್ಲೆಸ್ಲಿ ಹೇಳಿದ್ದ. ದೊಡ್ಡ ಪೀಪಾಯಿ ಅಗ್ಗ, ನಿಜ. ಆದರೆ ಅದು ಎತ್ತಿನ ಬೆನ್ನಿಗೆ ಹೊಂದುವುದಿಲ್ಲ, ಒಂದು ಒಡೆದರೆ ಎಲ್ಲವೂ ಹೋಯಿತು. ಹೊಳೆ ದಾಟಲು ನಮ್ಮ ತುಂಗಭದ್ರೆಯ ಹರಿಗೋಲಿನಂಥ, ಬುಟ್ಟಿ ಹೆಣೆದು ತೊಗಲು ಹೊದಿಸಿದ ದೋಣಿಗಳನ್ನೇ ಬಳಸಿದರು. 1803ರ ಆಗಸ್ಟಿನಲ್ಲಿ ತುಂಬಿ ಹರಿಯುತ್ತಿದ್ದ ಗೋದಾವರಿಯನ್ನು ದಂಡು ದಾಟಿದ್ದು ಹೀಗೆ. ಇನ್ನು ಗಾಡಿಯ ಮಾತು: ಕಡೆಗೀಲು ಕಳಚಿದರೆ ಬಂಡಿ ಉರುಳುವುದೆಂಬುದನ್ನು ನಮ್ಮ ಜೇಡರ ದಾಸಿಮಯ್ಯ ವಚನದಲ್ಲೇ ಹೇಳಿಟ್ಟಿದ್ದಾನೆ. ಒಂದು ಕಡೆಗೀಲನ್ನು ಹೆಚ್ಚಿಗೆ ಇಟ್ಟುಕೊಳ್ಳುವ ಗಾಡಿಯವನ ಬುದ್ಧಿಯೇ ಇಂದಿನ ನಮ್ಮ ಸ್ಟೆಪ್ನಿ.

ಮುಂದಿನ ಯುದ್ಧದ ಕಥೆ ಶಾಲೆಯ ಪುಸ್ತಕಗಳಲ್ಲಿದೆ. ಸೆಪ್ಟೆಂಬರ್ 23ರಂದು ಅಸಯಿಯಲ್ಲಿ ಶಿಂದೆ ಮತ್ತು ನಾಗಪುರದ ಎರಡನೆಯ ರಘೂಜಿ ಭೋಸಲೆಯವರ ಸೇನೆ ಸೋತಿತು. ನವೆಂಬರ್ 29ರಂದು ಅಡಗಾಂವದಲ್ಲಿ ಮತ್ತೊಂದು ಸೋಲು. ಕೊನೆಗೆ ಉಳಿದದ್ದು ಗಾವಿಲಗಡ. ಈ ಕೋಟೆಯನ್ನು 1425ರಲ್ಲಿ ಕಟ್ಟಿಸಿದವನು ಬಹಮನಿ ದೊರೆ ಅಹಮದ್ ಶಹಾ, ಅಂದರೆ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಒಯ್ದವನು ಎಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಕೋಟೆ ಕನ್ನಡನಾಡಿನ ಅರಸನದು, ಅದನ್ನು ಕೆಡವಲು ಬಂದ ಎತ್ತುಗಳೂ ಕನ್ನಡನಾಡಿನವು!

ದಕ್ಷಿಣದಿಂದ ಕೋಟೆಗೆ ಹತ್ತುವುದು ಕಡಿದು. ಆದ್ದರಿಂದ ಹೈದರಾಬಾದಿನ ಕಡೆಯ ದಂಡಿನ ನಾಯಕ ಸ್ಟೀವನ್‌ಸನ್ನನನ್ನು ಅಚಲಪುರದಿಂದ ಬೆಟ್ಟ ಬಳಸಿ ಉತ್ತರದ ಲಬಾಡಾ ಗ್ರಾಮಕ್ಕೆ ಕಳುಹಿಸಿದರು. ಸುಮಾರು 30 ಮೈಲಿ ದಾರಿ. ಇಂದು ಕಾರಿಗೆ ಅದು ಒಂದೆರಡು ಗಂಟೆಯ ಮಾತು. ಅವರಿಗೆ ಡಿಸೆಂಬರ್ 7ರಿಂದ 12ರವರೆಗೆ ಹಿಡಿಯಿತು. ದಾರಿಯೇ ಇರಲಿಲ್ಲ, ಸಿಪಾಯಿಗಳೇ ಕಡಿದು ಮಾಡಿಕೊಳ್ಳಬೇಕಾಯಿತು. ಭಾರಿ ಫಿರಂಗಿಗಳನ್ನು ಕೊರಕಲು, ದಿಣ್ಣೆಗಳ ಮೇಲೆ ಮನುಷ್ಯರೇ ಕೈಯಿಂದ ಎಳೆದರು. ಎಷ್ಟೇ ಸಿದ್ಧತೆ ಇದ್ದರೂ ದಾರಿ ಮುಗಿದ ಕಡೆ ಭಾರವೆಲ್ಲ ಮನುಷ್ಯನ ಹೆಗಲ ಮೇಲೆ ಬೀಳುತ್ತದೆ. ಆ ಎಳೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ. 15ರಂದು ಕೋಟೆ ಬಿತ್ತು. ಕಿಲ್ಲೇದಾರ ಬೇನಿಸಿಂಗ್ ಹೋರಾಡುತ್ತಲೇ ಮಡಿದ. ಎರಡು ದಿನಗಳ ಮೇಲೆ ದೇವಗಾಂವದಲ್ಲಿ ಒಪ್ಪಂದವಾಗಿ, ಭೋಸಲೆಯವರು ಕಟಕ್ ಸೀಮೆಯನ್ನೂ ವರ್ಧಾ ನದಿಯ ಪಶ್ಚಿಮದ ವರ್ಹಾಡವನ್ನೂ ಬಿಟ್ಟುಕೊಟ್ಟರು. ಗಾವಿಲಗಡ ಮಾತ್ರ ಮರಳಿ ಅವರಿಗೇ ಸಿಕ್ಕಿತು.

ಇದನ್ನು ಓದಿ ನಾವು ಹೆಮ್ಮೆಪಡಬೇಕೇ? ನಮಗೆ ಅನ್ನ ಕೊಟ್ಟ ಊರಿನ ಅರಸರನ್ನು ಸೋಲಿಸಲು ನಮ್ಮ ನಾಡಿನ ಎತ್ತುಗಳು ಪರರ ಫಿರಂಗಿ ಎಳೆದವು. ಎತ್ತಿಗೆ ಯಜಮಾನ ಯಾರಾದರೇನು? ಆದರೆ ಇತಿಹಾಸ ಓದುವ ನಾವು ಎರಡೂ ಕಡೆಯವರಾಗಿ ಓದಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. 1803–04ರಲ್ಲಿ ದಖನ್ನಿನಲ್ಲಿ ಘೋರ ಬರಗಾಲ. ಮಳೆ ಕೈಕೊಟ್ಟಿತು, ದಂಡುಗಳು ಹಾದುಹೋದ ಊರುಗಳಲ್ಲಿ ಕಾಳು ಉಳಿಯಲಿಲ್ಲ. ವೆಲ್ಲೆಸ್ಲಿ ತನ್ನ ಜನ ಊರುಗಳನ್ನು ಲೂಟಿ ಮಾಡದಂತೆ ಬಿಗಿ ಮಾಡಿದ್ದ, ಕೊಂಡ ಧಾನ್ಯಕ್ಕೆ ಹಣ ಕೊಡಿಸುತ್ತಿದ್ದ. ಅದು ದಯೆಯಿಂದಷ್ಟೇ ಅಲ್ಲ. ಲೂಟಿ ಮಾಡಿದರೆ ನಾಳೆ ಯಾವ ವ್ಯಾಪಾರಿಯೂ ಹತ್ತಿರ ಸುಳಿಯುವುದಿಲ್ಲ ಎಂಬ ಲೆಕ್ಕದಿಂದ. ಬುತ್ತಿ ಕಟ್ಟಿಕೊಂಡು ಬಂದ ದಂಡು ಹಾಯುವ ಊರಿಗೂ, ಬರಿಗೈಯಲ್ಲಿ ಬಂದ ದಂಡು ಹಾಯುವ ಊರಿಗೂ ಬಹಳ ವ್ಯತ್ಯಾಸವಿತ್ತು. ಬುತ್ತಿ ಇರುವುದು ನಮ್ಮ ಪ್ರಾಣ ಉಳಿಸಿಕೊಳ್ಳಲು ಮಾತ್ರವಲ್ಲ, ಹಾಯುವ ಊರಿಗೆ ನಾವು ಹೊರೆಯಾಗದಿರಲೂ ಹೌದು.

ಮೇಳಘಾಟಕ್ಕೆ ಈ ಮಾತು ಇಂದಿಗೂ ಸಲ್ಲುತ್ತದೆ. 1990ರ ದಶಕದಲ್ಲಿ ಅಲ್ಲಿನ ಕೊರಕೂ ಮಕ್ಕಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ ದೇಶವನ್ನೇ ಕಲಕಿತ್ತು. ಬೇಸಗೆಯಲ್ಲಿ ಆ ಹಳ್ಳಿಗಳ ನೀರು ಆ ಹಳ್ಳಿಗಳಿಗೇ ಸಾಲದು. ಆದ್ದರಿಂದ ಹೋಗುವವರು ತಲೆಗೆ ದಿನಕ್ಕೆ ನಾಲ್ಕೈದು ಲೀಟರಿನಂತೆ ನೀರು ಒಯ್ಯಲಿ. ಮೇ ತಿಂಗಳಾದರೆ ಇನ್ನೂ ಹೆಚ್ಚು. ಅದನ್ನು ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬದೆ ಮೂರು ನಾಲ್ಕು ಸಣ್ಣ ಕ್ಯಾನುಗಳಲ್ಲಿ ತುಂಬಲಿ. ಒಂದು ದಿನದ ಪ್ರಯಾಣಕ್ಕೆ ಎರಡು ದಿನದ ಅವಲಕ್ಕಿ, ಹುರಿಗಡಲೆ, ಬೆಲ್ಲ ಇರಲಿ. ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಎಳೆಯುವ ಹಗ್ಗ, ಟಾರ್ಚು, ಉಪ್ಪು ಸಕ್ಕರೆಯ ಪೊಟ್ಟಣ, ಗಾಯಕ್ಕೆ ಕಟ್ಟುವ ಬಟ್ಟೆ, ಒಂದು ಕಂಬಳಿ ಜೊತೆಗಿರಲಿ. ಪೆಟ್ರೋಲನ್ನು ಪರತವಾಡದಲ್ಲೇ ತುಂಬಿಸಲಿ. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುತ್ತೇವೆಂದು ಮನೆಯಲ್ಲಿ ಬರೆದಿಟ್ಟು ಹೋಗಲಿ. ಉಳಿದ ಬುತ್ತಿಯನ್ನು ಹೊತ್ತು ತರುವ ಬದಲು, ದಾರಿಯಲ್ಲಿ ಬೇಕಾದವರನ್ನು ಕೇಳಿ ಕೊಟ್ಟು ಬಂದರೆ ಇನ್ನೂ ಒಳ್ಳೆಯದು.

ಹುಣಸೂರು, ಚಿತ್ರದುರ್ಗ, ಬೀರೂರಿನ ಕಡೆಯ ಅಮೃತಮಹಲ್ ಕಾವಲುಗಳನ್ನು ಬಲ್ಲ ಹಿರಿಯರು ನಮ್ಮ ಸಂಘದಲ್ಲೇ ಇರಬಹುದು. ಉತ್ತರಕ್ಕೆ ಹೋದ ಎತ್ತುಗಳ ಬಗ್ಗೆ ಮನೆಗಳಲ್ಲಿ ಉಳಿದಿರುವ ಮಾತು ಏನಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಬೇಕು.