ಜಾಲತಾಣಗಳ ನೀತಿಬದ್ಧ ಶೋಧನಾನುಕೂಲತೆ: ಗ್ರಾಮೀಣ ಸಂಸ್ಥೆಗಳಿಗಾಗಿ ಸಾಮಾನ್ಯ ಮಾಹಿತಿ

1. ಪೀಠಿಕೆ

ಸಾರ್ವಜನಿಕರು ತಮಗೆ ಬೇಕಾದ ಮಾಹಿತಿಯನ್ನು ಅಂತರ್ಜಾಲದಲ್ಲಿ ಹುಡುಕುವಾಗ ಸಂಬಂಧಪಟ್ಟ ಜಾಲತಾಣವು ಸುಲಭವಾಗಿ ದೊರೆಯುವಂತೆ ಅದನ್ನು ಸಿದ್ಧಪಡಿಸುವ ಕಾರ್ಯಕ್ಕೆ ಶೋಧನಾನುಕೂಲತೆ ಎಂದು ಹೆಸರು. ಬಳಕೆಯಲ್ಲಿ ಇದನ್ನು ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಅಥವಾ ಎಸ್.ಇ.ಓ. ಎಂದು ಕರೆಯಲಾಗುತ್ತದೆ. ಓದುಗರಿಗೆ ನಿಜವಾಗಿ ಉಪಯುಕ್ತವಾದ ಮಾಹಿತಿಯನ್ನು ಒದಗಿಸಿ, ಅದನ್ನು ಶೋಧಕ ಯಂತ್ರಗಳು ಸರಿಯಾಗಿ ಓದಿಕೊಳ್ಳುವಂತೆ ಅಣಿಗೊಳಿಸುವುದು ನೀತಿಬದ್ಧ ವಿಧಾನ. ಯಂತ್ರವನ್ನು ವಂಚಿಸಿ ಮೇಲಿನ ಸ್ಥಾನ ಪಡೆಯಲು ಯತ್ನಿಸುವುದು ಅನೀತಿಯ ವಿಧಾನ.

ಗ್ರಾಮದ ಸಂಸ್ಥೆಗಳು, ದೇವಸ್ಥಾನಗಳ ಆಡಳಿತ ಮಂಡಳಿಗಳು, ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು ಹಾಗೂ ಕುಶಲಕರ್ಮಿಗಳು ತಮ್ಮ ಜಾಲತಾಣಗಳನ್ನು ನಿರ್ವಹಿಸುವಾಗ ಗಮನಿಸಬೇಕಾದ ಅಂಶಗಳನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಡೂರು ಗ್ರಾಮವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

2. ಶೋಧಕ ಯಂತ್ರವು ಕೆಲಸ ಮಾಡುವ ಬಗೆ

ಶೋಧಕ ಯಂತ್ರದ ಕಾರ್ಯವು ಮೂರು ಹಂತಗಳಲ್ಲಿ ನಡೆಯುತ್ತದೆ.

ಅ) ಸಂಚಾರ: ಯಂತ್ರದ ತಂತ್ರಾಂಶವು ಕೊಂಡಿಗಳನ್ನು ಅನುಸರಿಸಿ ಪುಟದಿಂದ ಪುಟಕ್ಕೆ ಸಾಗುತ್ತದೆ. ಯಾವ ಪುಟವನ್ನು ಓದಬಾರದು ಎಂಬುದನ್ನು 'ರೋಬಾಟ್ಸ್' ಕಡತದ ಮೂಲಕ ತಿಳಿಸುವ ಪದ್ಧತಿಯು 1994ರಲ್ಲಿ ರೂಪುಗೊಂಡಿತು. ಯಾವ ಪುಟಗಳಿವೆ ಎಂಬುದನ್ನು ತಿಳಿಸುವ 'ಸೈಟ್‌ಮ್ಯಾಪ್' ಕಡತವು 2005ರಲ್ಲಿ ಬಳಕೆಗೆ ಬಂದಿತು.

ಆ) ಸೂಚೀಕರಣ: ಪುಟದಲ್ಲಿರುವ ಪದಗಳನ್ನು ಸೂಚಿಯಲ್ಲಿ ದಾಖಲಿಸಲಾಗುತ್ತದೆ. ಗ್ರಂಥದ ಕೊನೆಯಲ್ಲಿರುವ ಪದಸೂಚಿಗೆ ಇದನ್ನು ಹೋಲಿಸಬಹುದು.

ಇ) ಶ್ರೇಣೀಕರಣ: ಹುಡುಕಿದ ಪದಗಳಿಗೆ ಹೊಂದುವ ಪುಟಗಳನ್ನು ಉಪಯುಕ್ತತೆಯ ಕ್ರಮದಲ್ಲಿ ಜೋಡಿಸಲಾಗುತ್ತದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು ಸ್ಥಾಪಿಸಿದ ಗೂಗಲ್ ಸಂಸ್ಥೆಯು, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು ಅದರ ಮಹತ್ವದ ಗುರುತಾಗಿ ಪರಿಗಣಿಸುವ ಕ್ರಮದಿಂದ ಪ್ರಸಿದ್ಧವಾಯಿತು. ಇಂದು ಪಠ್ಯದ ಗುಣಮಟ್ಟ, ಸ್ಥಳ, ಭಾಷೆ, ಪುಟ ತೆರೆಯುವ ವೇಗ, ಮೊಬೈಲ್‌ನಲ್ಲಿ ಓದುವ ಅನುಕೂಲ ಮುಂತಾದ ಹಲವು ಅಂಶಗಳು ಪರಿಗಣಿತವಾಗುತ್ತವೆ.

ಈ ಶ್ರೇಣೀಕರಣಕ್ಕೆ ಹಣ ಪಾವತಿಸುವ ಅವಕಾಶವಿಲ್ಲ. ಹಣ ನೀಡಿ ಪ್ರಕಟಿಸುವ ಜಾಹೀರಾತುಗಳು ಪ್ರತ್ಯೇಕ ಗುರುತಿನೊಡನೆ ಕಾಣಿಸುತ್ತವೆ.

3. ಸ್ಥಳನಾಮದ ಸ್ಪಷ್ಟತೆ: ಯಡೂರಿನ ಉದಾಹರಣೆ

ಕೃಷ್ಣಾ ನದಿಯ ದಂಡೆಯಲ್ಲಿರುವ ಯಡೂರು ಗ್ರಾಮವು ಶ್ರೀ ವೀರಭದ್ರೇಶ್ವರ ದೇವಸ್ಥಾನದಿಂದ ಹೆಸರಾಗಿದೆ. ಕರ್ನಾಟಕದಿಂದಲೂ ನೆರೆಯ ಮಹಾರಾಷ್ಟ್ರದಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿಯೂ ಇದೇ ಹೆಸರಿನ ಊರಿದೆ. ಮಳೆಗಾಲದಲ್ಲಿ ಮಾಣಿ, ಮಾಸ್ತಿಕಟ್ಟೆ, ಹುಲಿಕಲ್ ಪ್ರದೇಶಗಳ ಜೊತೆಗೆ ಆ ಯಡೂರಿನ ಮಳೆಯ ಪ್ರಮಾಣವೂ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅದೇ ದಿನಗಳಲ್ಲಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನ ಬಳಿ ಕೃಷ್ಣೆಯು ಉಕ್ಕಿ ಹರಿಯುವುದುಂಟು. ಮಲೆನಾಡಿನ ಯಡೂರಿನಲ್ಲಿ ಧಾರಾಕಾರ ಮಳೆ ಸುರಿಯುತ್ತದೆ. ಬಯಲುಸೀಮೆಯ ಯಡೂರಿನಲ್ಲಿ ಮಳೆ ಕಡಿಮೆಯಿದ್ದರೂ ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಬಿದ್ದ ಮಳೆಯಿಂದ ನೆರೆ ಬರುತ್ತದೆ. 'ಯಡೂರು ಮಳೆ' ಎಂದು ಹುಡುಕಿದವರಿಗೆ ಬೇರೊಂದು ಊರಿನ ವರದಿ ದೊರೆತಲ್ಲಿ ತಪ್ಪು ನಿರ್ಧಾರಕ್ಕೆ ಎಡೆಯಾಗುತ್ತದೆ.

ಆದ್ದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

• ಪ್ರತಿ ಪುಟದ ಶೀರ್ಷಿಕೆಯಲ್ಲಿ ಗ್ರಾಮದ ಹೆಸರಿನೊಡನೆ ತಾಲ್ಲೂಕು ಮತ್ತು ಜಿಲ್ಲೆಯ ಹೆಸರುಗಳನ್ನು ನಮೂದಿಸಬೇಕು.

• ಸ್ಥಳೀಯವಾಗಿ 'ಯಡೂರ' ಎಂಬ ರೂಪವೂ ಬಳಕೆಯಲ್ಲಿದೆ. ರೋಮನ್ ಲಿಪಿಯಲ್ಲಿ ಈ ಹೆಸರನ್ನು ಹಲವು ಬಗೆಯಾಗಿ ಬರೆಯಲಾಗುತ್ತದೆ. ಗ್ರಾಮದ ಪರಿಚಯ ಪುಟದಲ್ಲಿ ಈ ರೂಪಾಂತರಗಳನ್ನು ಓದುಗರಿಗೆ ಕಾಣುವಂತೆ ಒಂದೇ ವಾಕ್ಯದಲ್ಲಿ ತಿಳಿಸಿದರೆ ಸಾಕು. ಪುಟದ ತುಂಬ ಪುನರಾವರ್ತಿಸುವ ಅಗತ್ಯವಿಲ್ಲ.

• ಬದಲಾದ ಆಡಳಿತ ವಿವರಗಳನ್ನು ತಿದ್ದಬೇಕು. ಜಿಲ್ಲೆಯ ಹೆಸರಿನ ರೋಮನ್ ರೂಪವು 2014ರ ನವೆಂಬರ್ 1ರಿಂದ ಬದಲಾಗಿದೆ. ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ನಿಪ್ಪಾಣಿ ಹಾಗೂ ಅಥಣಿ ತಾಲ್ಲೂಕಿನಲ್ಲಿದ್ದ ಕಾಗವಾಡ ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ.

• ಗಡಿಭಾಗದ ಓದುಗರಿಗಾಗಿ ಮರಾಠಿಯಲ್ಲಿಯೂ ಮಾಹಿತಿ ನೀಡುವುದಾದರೆ ಅದಕ್ಕೆ ಪ್ರತ್ಯೇಕ ಪುಟವಿರಬೇಕು. ಪ್ರತಿ ಪುಟದ ಭಾಷೆಯನ್ನು ಸಂಕೇತದಲ್ಲಿ ಸೂಚಿಸಿ, ಪುಟಗಳನ್ನು ಪರಸ್ಪರ ಜೋಡಿಸಬೇಕು.

4. ಕನ್ನಡ ಪಠ್ಯ ಮತ್ತು ಯುನಿಕೋಡ್

ಕನ್ನಡ ಜಾಲತಾಣಗಳ ಮಟ್ಟಿಗೆ ಶೋಧನಾನುಕೂಲತೆಯ ಮೊದಲ ಹೆಜ್ಜೆ ಅಕ್ಷರ ಸಂಕೇತದ ಆಯ್ಕೆ. 2000ದ ದಶಕದಲ್ಲಿ ಅನೇಕ ಕನ್ನಡ ಪುಟಗಳು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಅಂತಹ ಪುಟಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣಿಸಿದರೂ ಗಣಕದಲ್ಲಿ ಶೇಖರವಾಗಿರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳು ಮಾತ್ರ. ಓದುಗರ ಗಣಕದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಶೋಧಕ ಯಂತ್ರಕ್ಕೆ ಆ ಪುಟದಲ್ಲಿ ಕನ್ನಡವೇ ಇಲ್ಲ. 'ವೀರಭದ್ರೇಶ್ವರ' ಎಂದು ಹುಡುಕಿದವರಿಗೆ ಆ ಪುಟವು ದೊರೆಯುವುದಿಲ್ಲ.

ಯುನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಯುನಿಕೋಡ್‌ನಲ್ಲಿಯೇ ಬೆಳೆಯಿತು. ಇಂದಿನ ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿಯೂ ಯುನಿಕೋಡ್ ಸೌಲಭ್ಯವಿದ್ದು, ಹಳೆಯ ಪಠ್ಯವನ್ನು ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯ ನಂತರ ಈ ಅಂಶಗಳನ್ನು ಪರಿಶೀಲಿಸಬೇಕು.

• ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯು ಸೇರಿದ್ದಲ್ಲಿ ತಿದ್ದಬೇಕು. ನೋಟಕ್ಕೆ ಎರಡೂ ಒಂದೇ ಬಗೆಯಾಗಿದ್ದರೂ ಯಂತ್ರಕ್ಕೆ ಅವು ಬೇರೆ ಬೇರೆ.

• ಒತ್ತಕ್ಷರ, ಅರ್ಕಾವತ್ತು ಹಾಗೂ ದೀರ್ಘಗಳು ಸ್ಥಾನಪಲ್ಲಟವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

• ಸುತ್ತೋಲೆ ಮತ್ತು ಪ್ರಕಟಣೆಗಳನ್ನು ಸ್ಕ್ಯಾನ್ ಮಾಡಿದ ಚಿತ್ರದ ರೂಪದಲ್ಲಿ ಮಾತ್ರ ಹಾಕಬಾರದು. ಅದರ ಸಾರಾಂಶವನ್ನಾದರೂ ಪಠ್ಯರೂಪದಲ್ಲಿ ನೀಡಬೇಕು. ದೃಷ್ಟಿದೋಷವುಳ್ಳವರು ಬಳಸುವ ಓದು ತಂತ್ರಾಂಶಗಳಿಗೂ ಇದರಿಂದ ಅನುಕೂಲವಾಗುತ್ತದೆ.

5. ಪುಟಗಳ ರಚನೆ

ಒಂದು ಪುಟದಲ್ಲಿ ಒಂದೇ ಮುಖ್ಯ ವಿಷಯವಿರಬೇಕು. ಶೀರ್ಷಿಕೆಯು ಆ ವಿಷಯವನ್ನು ನೇರವಾಗಿ ಹೇಳಬೇಕು. 'ಮುಖಪುಟ' ಎಂಬ ಶೀರ್ಷಿಕೆಗಿಂತ 'ಯಡೂರು ಶ್ರೀ ವೀರಭದ್ರೇಶ್ವರ ದೇವಸ್ಥಾನ, ಚಿಕ್ಕೋಡಿ ತಾಲ್ಲೂಕು: ದರ್ಶನ ಸಮಯ ಮತ್ತು ದಾರಿ' ಎಂಬುದು ಓದುಗರಿಗೂ ಯಂತ್ರಕ್ಕೂ ಹೆಚ್ಚು ತಿಳಿಸುತ್ತದೆ. ಚಿತ್ರಗಳಿಗೆ ಪಠ್ಯವಿವರಣೆ ನೀಡಬೇಕು. ಬಹುಪಾಲು ಗ್ರಾಮೀಣ ಓದುಗರು ಮೊಬೈಲ್ ಬಳಸುವುದರಿಂದ ಭಾರವಾದ ಚಿತ್ರಗಳನ್ನೂ ಚಲಿಸುವ ಅಕ್ಷರಗಳನ್ನೂ ತ್ಯಜಿಸುವುದು ಒಳಿತು. ಗೂಗಲ್ ಸಂಸ್ಥೆಯು 2014ರಿಂದ ಸುರಕ್ಷಿತ ಸಂಪರ್ಕವನ್ನೂ 2015ರಿಂದ ಮೊಬೈಲ್ ಅನುಕೂಲವನ್ನೂ ಶ್ರೇಣೀಕರಣದಲ್ಲಿ ಪರಿಗಣಿಸುತ್ತಿದೆ.

ಸರ್ಕಾರಿ ಜಾಲತಾಣಗಳಿಗಾಗಿ ಭಾರತ ಸರ್ಕಾರವು 2009ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿದ್ದು, ಅವುಗಳ ಮೂರನೆಯ ಆವೃತ್ತಿಯು 2023ರಲ್ಲಿ ಹೊರಬಂದಿದೆ. ಖಾಸಗಿ ಸಂಸ್ಥೆಗಳಿಗೂ ಅವು ಉತ್ತಮ ಮಾದರಿ.

6. ಕಾಲಮಿತಿಯುಳ್ಳ ಮಾಹಿತಿ

ಕಲ್ಲೋಳ–ಯಡೂರು ನಡುವಿನ ಸೇತುವೆಸಹಿತ ಬಾಂದಾರವು ಕೃಷ್ಣೆಯಲ್ಲಿ ನೀರು ಹೆಚ್ಚಿದಾಗ ಮುಳುಗಡೆಯಾಗಿ ಸಂಚಾರ ಸ್ಥಗಿತಗೊಳ್ಳುತ್ತದೆ. 2005, 2019 ಮತ್ತು 2021ರಲ್ಲಿ ಈ ಭಾಗವು ದೊಡ್ಡ ನೆರೆಯನ್ನು ಕಂಡಿದೆ. ಇಂತಹ ಸಂದರ್ಭದಲ್ಲಿ ಪ್ರಯಾಣಿಕರು ಮೊದಲು ನೋಡುವುದು ಮೊಬೈಲ್‌ನಲ್ಲಿ ದೊರೆಯುವ ಮಾಹಿತಿಯನ್ನು. ದಿನಾಂಕವಿಲ್ಲದ ಹಳೆಯ ಪುಟವೊಂದು 'ಸೇತುವೆ ಸಂಚಾರಕ್ಕೆ ಮುಕ್ತ' ಎಂದು ಮೇಲ್ಭಾಗದಲ್ಲಿ ಕಾಣಿಸಿಕೊಂಡರೆ ಜೀವಕ್ಕೇ ಅಪಾಯ. ಆದಕಾರಣ:

• ಸೇತುವೆ, ರಸ್ತೆ, ಜಾತ್ರೆಯ ವಾಹನ ವ್ಯವಸ್ಥೆ ಮುಂತಾದವುಗಳಿಗೆ ಒಂದೇ ಶಾಶ್ವತ ವಿಳಾಸದ ಪುಟವನ್ನಿಟ್ಟು, ಅದರಲ್ಲಿಯೇ ಮಾಹಿತಿಯನ್ನು ಪರಿಷ್ಕರಿಸುತ್ತಿರಬೇಕು. ಪ್ರತಿದಿನ ಹೊಸ ಪುಟ ತೆರೆದರೆ ಹಳೆಯ ಪುಟಗಳೇ ಮೇಲೆ ಬರುವ ಸಂಭವವಿದೆ.

• ದಿನಾಂಕ, ವರ್ಷ ಮತ್ತು ವೇಳೆಯನ್ನು ಪುಟದ ಮೊದಲ ಸಾಲಿನಲ್ಲಿಯೇ ನಮೂದಿಸಬೇಕು. ಶೋಧಕ ಯಂತ್ರಗಳು ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಉತ್ತರದ ಸಾರಾಂಶವನ್ನೂ ನೀಡುತ್ತಿರುವುದರಿಂದ ಸ್ಥಳ ಮತ್ತು ದಿನಾಂಕಗಳು ಪಠ್ಯದೊಳಗೆ ಸ್ಪಷ್ಟವಾಗಿರುವುದು ಹಿಂದೆಂದಿಗಿಂತ ಅಗತ್ಯ.

• ಹಳೆಯ ವರದಿಗಳನ್ನು ಉಳಿಸಿಕೊಳ್ಳುವುದಾದರೆ 'ಹಿಂದಿನ ದಾಖಲೆ' ಎಂದು ಗುರುತಿಸಿ, ಪ್ರಚಲಿತ ಪುಟಕ್ಕೆ ಕೊಂಡಿ ನೀಡಬೇಕು.

• ಪಠ್ಯವನ್ನು ಪರಿಷ್ಕರಿಸದೆ ದಿನಾಂಕವನ್ನು ಮಾತ್ರ ಬದಲಿಸಿ ಪುಟವು ಹೊಸದೆಂಬ ಭಾವನೆ ಮೂಡಿಸುವುದು ಸರ್ವಥಾ ತಪ್ಪು.

7. ಬಳಸಬಾರದ ವಿಧಾನಗಳು

ಅ) ಪದಗಳ ತುರುಕುವಿಕೆ: ಒಂದೇ ಪದವನ್ನು ಅನವಶ್ಯಕವಾಗಿ ಪುನರುಚ್ಚರಿಸುವುದು, ಅಥವಾ ಹಿನ್ನೆಲೆಯ ಬಣ್ಣದಲ್ಲಿಯೇ ಅಕ್ಷರಗಳನ್ನು ಬರೆದು ಓದುಗರಿಂದ ಮರೆಮಾಚುವುದು.

ಆ) ವೇಷಪುಟಗಳು: ಯಂತ್ರಕ್ಕೆ ಒಂದು ಪಠ್ಯ, ಓದುಗರಿಗೆ ಮತ್ತೊಂದು ಪಠ್ಯ ತೋರಿಸುವುದು. ಈ ಬಗೆಯ ಪುಟಗಳನ್ನು ಬಳಸಿದ ಕಾರಣಕ್ಕೆ 2006ರ ಫೆಬ್ರವರಿಯಲ್ಲಿ ಬಿ.ಎಂ.ಡಬ್ಲ್ಯು. ಕಾರು ಕಂಪನಿಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಸೂಚಿಯಿಂದ ತೆಗೆದುಹಾಕಿತ್ತು. ಆ ಪುಟಗಳನ್ನು ಹಿಂಪಡೆದ ಮೇಲೆ ತಾಣವನ್ನು ಮರಳಿ ಸೇರಿಸಲಾಯಿತು.

ಇ) ಕೊಂಡಿಗಳ ಖರೀದಿ: ಹಣ ಕೊಟ್ಟು ಸಂಬಂಧವಿಲ್ಲದ ತಾಣಗಳಿಂದ ಕೊಂಡಿ ಪಡೆಯುವುದು. ಇದನ್ನು ತಡೆಯಲು ಗೂಗಲ್ 2012ರಲ್ಲಿ 'ಪೆಂಗ್ವಿನ್' ಎಂಬ ಪರಿಷ್ಕರಣೆಯನ್ನು ಜಾರಿಗೊಳಿಸಿತು.

ಈ) ನಕಲು ಮತ್ತು ರಾಶಿ ಪುಟಗಳು: ಇತರರ ಬರಹವನ್ನು ನಕಲು ಮಾಡುವುದು ಅಥವಾ ಊರಿನ ಹೆಸರನ್ನಷ್ಟೇ ಬದಲಿಸಿ ನೂರಾರು ಪುಟಗಳನ್ನು ತಯಾರಿಸುವುದು. 2011ರ 'ಪಾಂಡ' ಪರಿಷ್ಕರಣೆಯೂ 2024ರ ಮಾರ್ಚ್‌ನಲ್ಲಿ ಪ್ರಕಟವಾದ ನಿಯಮಗಳೂ ಇಂತಹ ಪುಟಗಳನ್ನು ಕುರಿತವು. ಪುಟಗಳನ್ನು ಯಂತ್ರವೇ ಬರೆದರೂ ಮನುಷ್ಯರೇ ಬರೆದರೂ ನಿಯಮ ಒಂದೇ.

ಉ) ಸುಳ್ಳು ವಿಮರ್ಶೆ ಹಾಗೂ ಸೋಗಿನ ತಾಣ: ದೇವಸ್ಥಾನ ಅಥವಾ ಸರ್ಕಾರಿ ಕಚೇರಿಯ ಅಧಿಕೃತ ತಾಣವೆಂದು ನಂಬಿಸಿ ಪೂಜೆ, ವಸತಿ ಅಥವಾ ಅರ್ಜಿಯ ಹೆಸರಿನಲ್ಲಿ ಹಣ ಪಡೆಯುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೇರೆಗೆ ಶಿಕ್ಷಾರ್ಹ ಅಪರಾಧ. ಅನ್ಯರ ತಾಣದೊಳಕ್ಕೆ ಅನುಮತಿಯಿಲ್ಲದೆ ಪ್ರವೇಶಿಸಿ ಕೊಂಡಿಗಳನ್ನು ಸೇರಿಸುವುದೂ ಅಪರಾಧವೇ.

8. ಉತ್ಪನ್ನಗಳನ್ನು ಮಾರುವ ತಾಣಗಳು

ಅಥಣಿ, ನಿಪ್ಪಾಣಿ, ರಾಯಬಾಗ ಭಾಗದ ಕುಶಲಕರ್ಮಿಗಳು ತಯಾರಿಸುವ ಕೊಲ್ಹಾಪುರಿ ಚಪ್ಪಲಿಯು ಭೌಗೋಳಿಕ ಸೂಚಕ ನೋಂದಣಿ ಪಡೆದಿದೆ. ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿವೆ. ಗ್ರಾಹಕರು ಹುಡುಕುವುದು 'ಕೊಲ್ಹಾಪುರಿ' ಎಂಬ ಪದವನ್ನು. ಆದ್ದರಿಂದ ಈ ಜಿಲ್ಲೆಗಳ ನೋಂದಾಯಿತ ಬಳಕೆದಾರರು ತಮ್ಮ ಪುಟಗಳಲ್ಲಿ ಆ ಹೆಸರನ್ನು ಧೈರ್ಯವಾಗಿ ಬಳಸಬಹುದು. ಜೊತೆಗೆ ತಯಾರಾದ ಊರು, ಚರ್ಮದ ಹದ, ಹೊಲಿಗೆಯ ವಿಧಾನ ಮತ್ತು ಅಳತೆಗಳನ್ನು ತಿಳಿಸಿದರೆ ಆ ಪುಟವು ಬೇರೆಲ್ಲಿಯೂ ದೊರೆಯದ ಮಾಹಿತಿಯ ಆಕರವಾಗುತ್ತದೆ. ಯಂತ್ರದಲ್ಲಿ ತಯಾರಾದ ಕೃತಕ ವಸ್ತುವಿನ ಚಪ್ಪಲಿಗೆ ಅದೇ ಹೆಸರಿಟ್ಟು ಗ್ರಾಹಕರನ್ನು ಸೆಳೆಯುವುದು ನೈಜ ಕುಶಲಕರ್ಮಿಯ ದುಡಿಮೆಯನ್ನು ಕಸಿದಂತೆ.

9. ಸೇವಾದಾರರನ್ನು ಆಯ್ಕೆ ಮಾಡುವಾಗ

• 'ಮೊದಲ ಸ್ಥಾನ ಖಚಿತ' ಎಂಬ ಭರವಸೆಯನ್ನು ನಂಬಬಾರದು. ಅಂತಹ ಖಾತರಿ ನೀಡಲು ಯಾರಿಗೂ ಸಾಧ್ಯವಿಲ್ಲವೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ.

• ಮಾಡಲಾಗುವ ಬದಲಾವಣೆಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು.

• ಜಾಲತಾಣದ ವಿಳಾಸದ ನೋಂದಣಿ ಮತ್ತು ಪ್ರವೇಶಪದಗಳು ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ನೋಂದಣಿಯನ್ನು ಸಕಾಲದಲ್ಲಿ ನವೀಕರಿಸದಿದ್ದರೆ ಆ ವಿಳಾಸವು ಅನ್ಯರ ವಶವಾಗಿ ದುರುಪಯೋಗಕ್ಕೆ ಒಳಗಾಗಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗುಪ್ತ ಪದಪಟ್ಟಿಯನ್ನು ಪುಟದ ಸಂಕೇತದಲ್ಲಿ ಸೇರಿಸುವುದರಿಂದ ಪ್ರಯೋಜನವಿದೆಯೇ?
ಉತ್ತರ: ಇಲ್ಲ. 'ಮೆಟಾ ಕೀವರ್ಡ್ಸ್' ಪಟ್ಟಿಯನ್ನು ಶ್ರೇಣೀಕರಣಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ.

ಪ್ರಶ್ನೆ: ಫಲಿತಾಂಶ ಕಾಣಲು ಎಷ್ಟು ಕಾಲ ಬೇಕು?
ಉತ್ತರ: ಸಾಮಾನ್ಯವಾಗಿ 4 ತಿಂಗಳಿನಿಂದ 1 ವರ್ಷದವರೆಗೆ ಬೇಕಾಗಬಹುದು.

ಪ್ರಶ್ನೆ: ಇದಕ್ಕೆ ಹಣ ವ್ಯಯಿಸಲೇಬೇಕೇ?
ಉತ್ತರ: ಬೇಕಿಲ್ಲ. ಗೂಗಲ್ ಸರ್ಚ್ ಕನ್ಸೋಲ್ ಮತ್ತು ಬಿಸಿನೆಸ್ ಪ್ರೊಫೈಲ್ ಸೌಲಭ್ಯಗಳು ಉಚಿತ. ಮೊದಲನೆಯದರಲ್ಲಿ ಯಾವ ಪದಗಳಿಂದ ಓದುಗರು ಬಂದರೆಂಬುದು ತಿಳಿಯುತ್ತದೆ. ಎರಡನೆಯದರಲ್ಲಿ ಸಂಸ್ಥೆಯ ಸ್ಥಳ ಮತ್ತು ವೇಳೆಯನ್ನು ನಕ್ಷೆಯ ಮೇಲೆ ದಾಖಲಿಸಬಹುದು.

ಪ್ರಶ್ನೆ: ಸಂದರ್ಶಕರ ಸಂಖ್ಯೆಯೇ ಯಶಸ್ಸಿನ ಅಳತೆಯೇ?
ಉತ್ತರ: ಅಲ್ಲ. ಹುಡುಕಿ ಬಂದವರಿಗೆ ಬೇಕಾದ ಉತ್ತರ ದೊರೆಯಿತೇ ಎಂಬುದೇ ಸರಿಯಾದ ಅಳತೆ. ಯಡೂರಿಗೆ ಹೊರಟ ಭಕ್ತರು ದೂರದ ಮತ್ತೊಂದು ಯಡೂರಿನ ದಾರಿ ಹಿಡಿಯದಂತೆ ಹಾಗೂ ಮುಳುಗಿದ ಸೇತುವೆಯ ಬಳಿಗೆ ಬಾರದಂತೆ ನೋಡಿಕೊಂಡ ಪುಟವು, ಓದುಗರು ಕೆಲವರೇ ಆಗಿದ್ದರೂ, ತನ್ನ ಉದ್ದೇಶವನ್ನು ಈಡೇರಿಸಿದಂತೆ.